ಹದಿನಾರು ಡಿಗ್ರಿಯ ಕೋಣೆ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿದೆ. ನಲವತ್ತೇಳನೇ ಬ್ಯಾಚಿನ ಗುಳಿಗೆಗಳು ಇವತ್ತು ಲಾರಿ ಹತ್ತಬೇಕಿತ್ತು. ಹತ್ತಲಿಲ್ಲ. ಕಾರಣ ಸ್ವೆಟರಕ್ಕ. ದಿನವಿಡೀ ಸ್ವೆಟರ್ ಹಾಕಿಕೊಂಡೇ ಕೂರುತ್ತಾಳೆಂದು ಎಲ್ಲರೂ ಇಟ್ಟ ಹೆಸರು. ನಮ್ಮ ಪರೀಕ್ಷಾ ವಿಭಾಗದ ಮೂರನೇ ಕೋಣೆಯಿಂದ ಗ್ರಾಫ್ ಹಿಡಿದುಕೊಂಡು ಬಂದಳು, ಎಲ್ಲರೆದುರು ನನ್ನ ಮೇಜಿನ ಮೇಲೆ ಹರಡಿದಳು, "ಇಲ್ಲಿ ನೋಡು, ಒಂದು ಪುಟ್ಟ ಗುಡ್ಡ ಇದೆ" ಎಂದಳು.

ಇತ್ತು. ಮದ್ದಿನ ದೊಡ್ಡ ಗುಡ್ಡಕ್ಕೆ ಸ್ವಲ್ಪ ಮೊದಲು, ಅದರ ಮಗ್ಗುಲಲ್ಲೇ, ಒಂದು ಸಣ್ಣ ಉಬ್ಬು. ಅವಳ ಲೆಕ್ಕದಲ್ಲಿ ಸಾವಿರಕ್ಕೆ ಆರು ಪಾಲು. ಬೇಡದ ವಸ್ತು ಸಾವಿರಕ್ಕೆ ಎರಡು ಪಾಲು ಮೀರಿದರೆ ಇಡೀ ಬ್ಯಾಚ್ ಕಸದ ಬುಟ್ಟಿಗೆ. ಹೃದಯದ ಬಡಿತ ಹಿಡಿತದಲ್ಲಿಡುವ ಗುಳಿಗೆ, ಜನ ವರ್ಷಗಟ್ಟಲೆ ನುಂಗುತ್ತಾರೆ, ಹುಡುಗಾಟವಲ್ಲ.

ಅದೇ ಗುಳಿಗೆಯನ್ನು ಒಂದನೇ ಕೋಣೆಯಲ್ಲೂ ಎರಡನೇ ಕೋಣೆಯಲ್ಲೂ ಪರೀಕ್ಷೆ ಮಾಡಿಸಿದೆ. ಎರಡೂ ಕಡೆ ಒಂದೇ ಗುಡ್ಡ, ಚೂಪಾಗಿ, ಚೆಂದವಾಗಿ. "ಅಕ್ಕ, ಗಾಜಿನ ಸಾಮಾನು ಸರಿಯಾಗಿ ತೊಳೆದಿದ್ರಾ?" ಎಂದೆ.

"ನಿನಗೆ ಗಾಜಿನ ಸಾಮಾನು ತೊಳೆಯೋದು ಕಲಿಸಿದ್ದೇ ನಾನಲ್ವೇನೇ?" ಎಂದಳು. ನಾಲ್ಕು ಜನ ನಕ್ಕರು. ನನಗೆ ಮೈಯೆಲ್ಲಾ ಉರಿಯಿತು.

ಹೌದು, ಕಲಿಸಿದ್ದು ಅವಳೇ. ಅದು ಹದಿನಾಲ್ಕು ವರ್ಷದ ಹಿಂದಿನ ಮಾತು. ಈಗ ವಿಭಾಗದ ಮುಖ್ಯಸ್ಥೆ ನಾನು. ಆಮೇಲೆ ಓವನ್ನು, ಚೀಟಿ ಅಂತ ಏನೋ ಶುರುಮಾಡಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. "ನೆಪ ಬೇಡ ಅಕ್ಕ" ಎಂದು ಎದ್ದೆ.

ಮನೆಗೆ ಬಂದರೆ ಮಗಳ ತಲೆ ತುಂಬ ಹೇನು. ಶಾಲೆಯಿಂದ ಹೊತ್ತು ತಂದಿದ್ದಾಳೆ. ನನ್ನ ಹಣೆಬರಹ.

ಫೆಬ್ರವರಿ 4, ಮಂಗಳವಾರ

ತನಿಖೆ ನನಗೇ ವಹಿಸಿದ್ದಾರೆ. ಹತ್ತೊಂಬತ್ತಕ್ಕೆ ಸಭೆ. ಅಷ್ಟರಲ್ಲಿ ತಪ್ಪು ಯಾರದು ಎಂದು ಬರೆದು ಕೊಡಬೇಕು.

ನಮ್ಮ ದೊಡ್ಡವರು ಮಾರಾಟದ ಕಡೆಯಿಂದ ಬಂದು ಮ್ಯಾನೇಜರ್ ಆದವರು. ಅವರಿಗೆ ಮೊದಲಿನಿಂದ ಪಾಠ ಮಾಡಬೇಕಾಯಿತು. ಗೇಣುದ್ದದ ಉಕ್ಕಿನ ಕೊಳವೆ ಸಾರ್, ಕಾಲಮ್ ಅಂತೀವಿ. ಒಳಗೆ ಹಿಟ್ಟಿನಷ್ಟು ನುಣ್ಣನೆಯ ಮರಳು. ಅದರ ಒಂದೊಂದು ಕಣದ ಮೇಲೂ ಕೊಬ್ಬಿನಂಥ ಎಳೆಗಳನ್ನು ಕೂದಲು ನೆಟ್ಟ ಹಾಗೆ ನೆಟ್ಟಿರುತ್ತಾರೆ. ಗುಳಿಗೆ ಕರಗಿಸಿದ ದ್ರವವನ್ನು ಇದರೊಳಗೆ ನೂಕಿದರೆ, ಎಳೆಗೆ ಅಂಟಿಕೊಳ್ಳುವುದು ತಡವಾಗಿ ಬರುತ್ತೆ, ಅಂಟದ್ದು ಬೇಗ ಬರುತ್ತೆ. ಒಂದೊಂದು ವಸ್ತು ಹೊರಬಿದ್ದಾಗ ಗ್ರಾಫಿನಲ್ಲಿ ಒಂದೊಂದು ಗುಡ್ಡ.

"ಅಂದ್ರೆ ಬಾಚೋದು" ಎಂದರು.

"ಹಾಗೇ ಅಂದ್ಕೊಳ್ಳಿ ಸಾರ್."

ನನ್ನ ವಿಧಾನದ ಬಗ್ಗೆಯೂ ಹೇಳಿದೆ, ಹೇಳದೆ ಬಿಡುತ್ತೇನೆಯೇ. ಮೊದಲು ಕಾಲಮನ್ನು ಹೊರಗೇ ಇಟ್ಟು, ದ್ರವವನ್ನು ನಿಧಾನವಾಗಿ ನೂಕಿ ಮುಕ್ಕಾಲು ಗಂಟೆ ಕಾಯುತ್ತಿದ್ದರು. ನಾನು ಅದನ್ನು ಯಂತ್ರದ ಬಿಸಿಪೆಟ್ಟಿಗೆ, ಅಂದರೆ ಓವನ್ನಿನೊಳಗೆ ನಲವತ್ತು ಡಿಗ್ರಿಗೆ ಏರಿಸಿ, ದ್ರವವನ್ನು ಜೋರಾಗಿ ನೂಕಿ ಹನ್ನೆರಡು ನಿಮಿಷಕ್ಕೆ ಇಳಿಸಿದೆ. ಅದಕ್ಕೇ ಈ ಕುರ್ಚಿ ಸಿಕ್ಕಿದ್ದು. ಸ್ವೆಟರಕ್ಕನ ಯಂತ್ರದಲ್ಲಿ ಮಾತ್ರ ಅದೇ ಪರೀಕ್ಷೆಗೆ ಇಪ್ಪತ್ತು ನಿಮಿಷ. ಯಂತ್ರವೂ ಒಡತಿಯ ಹಾಗೇ ಆಮೆ ಎಂದು ನಾವೆಲ್ಲ ನಗುತ್ತಿರುತ್ತೇವೆ.

ಮಧ್ಯಾಹ್ನ ಒಂದು ಕೆಲಸ ಮಾಡಿದೆ. ಅವಳ ಕಾಲಮನ್ನೇ ಬಿಚ್ಚಿ ತಂದು ಎರಡನೇ ಕೋಣೆಯ ಯಂತ್ರಕ್ಕೆ ಹಾಕಿದೆ. ಅದೇ ಕಾಲಮ್, ಅದೇ ದ್ರವ. ಒಂದೇ ಗುಡ್ಡ! ಕಾಲಮಿನದು ತಪ್ಪಿಲ್ಲ, ದ್ರವದ್ದೂ ಇಲ್ಲ. ಇನ್ನು ಉಳಿದದ್ದು ಕೈ. ಅವಳ ಕೈ.

ಫೆಬ್ರವರಿ 6, ಗುರುವಾರ

ಸ್ವೆಟರಕ್ಕನನ್ನು ಸಭೆಯವರೆಗೆ ರಜೆಯ ಮೇಲೆ ಕಳಿಸಿದರು. ಅಸಡ್ಡೆ ಎಂದು ತೀರ್ಮಾನವಾದರೆ ಕೆಲಸವೇ ಹೋಗುತ್ತದೆ. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಸೇರಿದಾಗಿನಿಂದ ಒಂದು ದಿನವೂ ತಡವಾಗಿ ಬಂದವಳಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕೈ ನಡುಗುವ ವಯಸ್ಸು, ಯಾರಾದರೂ ಹೇಳಲೇಬೇಕಲ್ಲ.

ಆ ಬೂದು ಸ್ವೆಟರನ್ನು ಕುರ್ಚಿಯ ಬೆನ್ನಿಗೇ ಬಿಟ್ಟು ಹೋಗಿದ್ದಾಳೆ. ಮೂರನೇ ಕೋಣೆಯ ಏಸಿ ಹದಿನಾರಕ್ಕೆ ಅಂಟಿಕೊಂಡು ಎಷ್ಟೋ ಕಾಲವಾಯಿತು. ಆ ಕೋಣೆಗೆ ಅವಳನ್ನು ಹಾಕಿದ್ದು ನಾನೇ. ಯಾರಾದರೂ ಇರಲೇಬೇಕಿತ್ತಲ್ಲ ಅಲ್ಲಿ.

ಸಂಜೆ ಮಗಳನ್ನು ಕೂರಿಸಿಕೊಂಡು ಹೇನು ಬಾಚಣಿಗೆ ಹಾಕಿದೆ. ಬಾಚಣಿಗೆಯನ್ನು ಮೊದಲು ಕುದಿಯುವ ನೀರಿಗೆ ಅದ್ದಿ ಶುದ್ಧ ಮಾಡಿಕೊಂಡೆ. ಅತ್ತೆಯ ಹಾಗೆ ಸೆರಗಿಗೆ ಒರೆಸಿಕೊಂಡು ಮಾಡುವುದು ನನ್ನಿಂದಾಗದು. ಹತ್ತು ನಿಮಿಷ. ಒಂದೂ ಬೀಳಲಿಲ್ಲ. "ತಲೆ ಶುದ್ಧ" ಎಂದು ಘೋಷಿಸಿದೆ. ಅತ್ತೆ ಎರಡು ಗಂಟೆ ಬಾಚುತ್ತಾರೆ.

ಫೆಬ್ರವರಿ 7, ಶುಕ್ರವಾರ

ವರದಿ ಮುಗಿಯಿತು. ಕೊನೆಯ ಸಾಲು: ದೋಷ ಪರೀಕ್ಷಕರದ್ದು. ಮೂರು ಸಲ ಓದಿದೆ. ಚೆನ್ನಾಗಿಯೇ ಇದೆ. ಹಾಗಿದ್ದರೂ ಮತ್ತೆ ಓದಿದೆ.

ಫೆಬ್ರವರಿ 10, ಸೋಮವಾರ

ಮಾನ ಹೋಯಿತು. ಮಗಳನ್ನು ಶಾಲೆಯಿಂದ ವಾಪಸು ಕಳಿಸಿದ್ದಾರೆ. ಜೊತೆಗೆ ಟೀಚರ್ ಚೀಟಿ: ತಲೆಯಲ್ಲಿ ಹೇನು ತುಂಬಿದೆ, ಮನೆಯಲ್ಲಿ ದಯವಿಟ್ಟು ಗಮನ ಕೊಡಿ. ಗಮನ ಕೊಡಿ ಅಂತೆ! ನನಗೆ!

"ಗುರುವಾರ ತಾನೇ ಬಾಚಿದ್ದೀನಿ, ಒಂದೂ ಇರಲಿಲ್ಲ" ಎಂದು ಅತ್ತೆಯ ಮೇಲೆ ರೇಗಿದೆ, ಅವರೇನೋ ಹೇನು ಬಿಟ್ಟವರ ಹಾಗೆ.

ಅತ್ತೆ ಬಾಚಣಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇಲ್ಲಿ ನೋಡಮ್ಮ. ಹಲ್ಲೆಲ್ಲಾ ಸೊಟ್ಟಗಾಗಿದೆ. ಪ್ಲಾಸ್ಟಿಕ್ಕನ್ನ ಕುದಿಯೋ ನೀರಿಗೆ ಹಾಕಿದ್ದೀಯ, ಮೆತ್ತಗಾಗಿ ಅಗಲ ಆಗ್ಬಿಟ್ಟಿದೆ. ಹೇನು ಇದರ ಸಂದಿಯಲ್ಲಿ ಮೆರವಣಿಗೆ ಹೋಗಬಹುದು."

"ಆದರೆ ಬಾಚಿದಾಗ ಒಂದೂ ಬರಲಿಲ್ಲ ಅತ್ತೆ."

"ಬರಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ ಕಣಮ್ಮ. ಬಾಚಣಿಗೆ ಹಿಡೀಲಿಲ್ಲ ಅಂತ."

ಮಗಳು ಕಿಸಕ್ಕನೆ ನಕ್ಕಳು. ನಾನು ಎದ್ದು ಅಡುಗೆಮನೆಗೆ ಹೋದೆ, ಹಾಲು ಕಾಯಿಸಲು. ಹಾಲು ಉಕ್ಕಿ ಒಲೆಯೆಲ್ಲಾ ಆಯಿತು. ಅಲ್ಲೇ ನಿಂತಿದ್ದೆ, ಕಾಣಲಿಲ್ಲ. ಕಣ್ಣ ಮುಂದೆ ಆ ಸೊಟ್ಟ ಹಲ್ಲುಗಳೇ ಇದ್ದವು.

ಫೆಬ್ರವರಿ 11, ಮಂಗಳವಾರ

ಎಲ್ಲರಿಗಿಂತ ಮೊದಲು ಹೋದೆ. ಮೂರನೇ ಕೋಣೆಯ ಬೀಗ ತೆಗೆದು ಅವಳ ಯಂತ್ರ ಹಾಕಿದೆ. ಹಳೆಯ ಯಂತ್ರ, ನಾವು ಎಷ್ಟಕ್ಕೆ ಇಟ್ಟಿದ್ದೇವೋ ಅಷ್ಟನ್ನೇ ತೋರಿಸುತ್ತದೆ; ನಿಜವಾಗಿ ಎಷ್ಟಿದೆ ಎಂದು ಹೇಳುವುದಿಲ್ಲ. ನಲವತ್ತು ಎಂದು ಹಸಿರು ದೀಪದಲ್ಲಿ ಬರೆದಿತ್ತು. ಅರ್ಧ ಗಂಟೆ ಬಿಟ್ಟು ಓವನ್ನಿನ ಬಾಗಿಲು ತೆಗೆದು ಒಳಗೆ ಕೈ ಇಟ್ಟೆ.

ತಣ್ಣಗಿತ್ತು. ನಲ್ಲಿಯ ಕಬ್ಬಿಣ ಮುಟ್ಟಿದ ಹಾಗೆ. ಕೋಣೆ ಹದಿನಾರು, ಓವನ್ನೂ ಹದಿನಾರು.

ಅಂದರೆ ಅವಳ ಪರೀಕ್ಷೆ ನಡೆದದ್ದೇ ಹದಿನಾರರಲ್ಲಿ. ಇಪ್ಪತ್ತು ನಿಮಿಷ ಹಿಡಿಯುತ್ತಿದ್ದುದು ಅದಕ್ಕೇ. ಹೋದ ಮಂಗಳವಾರ ನಾನು ಕಾಲಮನ್ನು ಎರಡನೇ ಕೋಣೆಗೆ ಒಯ್ದೆ, ದ್ರವವನ್ನು ಒಯ್ದೆ, ಚಳಿಯನ್ನು ಒಯ್ಯಲಿಲ್ಲ.

ದುರಸ್ತಿ ಚೀಟಿಗಳ ಫೈಲು ತೆಗೆದೆ. ಕೈ ನಡುಗುತ್ತಿತ್ತು, ಚಳಿಗೆ. ಜನವರಿ ಒಂಬತ್ತು, ಅವಳ ದುಂಡು ಅಕ್ಷರ: "ಏಸಿ ಇನ್ನೂ ಹದಿನಾರಕ್ಕೇ ನಿಂತಿದೆ. ಓವನ್ ಬಿಸಿಯಾಗುತ್ತಿಲ್ಲ ಎಂಬ ಅನುಮಾನ. ಎರಡನ್ನೂ ನೋಡಿಸಿ." ಕೆಳಗೆ ಕೆಂಪು ಶಾಯಿಯಲ್ಲಿ: "ತುರ್ತಿಲ್ಲ. ಕೆಲಸ ಮುಂದುವರಿಸಿ." ಆ ಕೆಂಪು ಅಕ್ಷರ ನನ್ನದು. ಬರೆದದ್ದು ನೆನಪೇ ಇಲ್ಲ.

ಫೆಬ್ರವರಿ 12, ಬುಧವಾರ

ದೊಡ್ಡವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಅವರ ಮುಖ ಅರಳಿತು.

"ಅಂದ್ರೆ ಯಂತ್ರ ಕೆಟ್ಟಿತ್ತು! ಕೆಟ್ಟ ಯಂತ್ರದ ಫಲಿತಾಂಶ ಲೆಕ್ಕಕ್ಕಿಲ್ಲ. ಅವರ ಮೇಲೂ ಆರೋಪ ಬೇಡ, ಬ್ಯಾಚೂ ಹೊರಗೆ ಹೋಗುತ್ತೆ. ಹಾವೂ ಸಾಯ್ತು, ಕೋಲೂ ಮುರೀಲಿಲ್ಲ. ಒಂದು ಸಾಲು ಬರೀರಿ ಮೇಡಂ, ಅವರ ಒಂದು ಸಹಿ ತಗೊಂಡು ಬನ್ನಿ."

ಬರೆದೆ. "ಓವನ್ ದೋಷದಿಂದ ಮೂರನೇ ಕೋಣೆಯ ಫಲಿತಾಂಶ ಅಮಾನ್ಯ." ಇದರಲ್ಲಿ ಸುಳ್ಳಿನ ಅಕ್ಷರ ಒಂದೂ ಇಲ್ಲ. ನನಗೆ ನೆಮ್ಮದಿಯಾಗಬೇಕಿತ್ತು.

ಮನೆಯಲ್ಲಿ ರಾತ್ರಿ ಊಟಕ್ಕೆ ಕೂತವಳು ಎರಡು ಸಲ ಎದ್ದೆನಂತೆ. "ಏನೇ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀಯ?" ಎಂದರು ಇವರು. ನನಗೆ ಒಂದೇ ಯೋಚನೆ. ಕೆಟ್ಟ ಓವನ್ ಗುಡ್ಡವನ್ನು ತಡ ಮಾಡಬಹುದು. ಇಲ್ಲದ ಗುಡ್ಡವನ್ನು ಎಲ್ಲಿಂದ ತರುತ್ತದೆ?

ಫೆಬ್ರವರಿ 13, ಗುರುವಾರ

ಕೆಲಸ ಮುಗಿಸಿ ಅಕ್ಕನ ಮನೆಗೆ ಹೋದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆಗೆದವರೇ "ಮೆಟ್ಟಿಲು ಹತ್ತಿ ಸುಸ್ತಾಯ್ತಾ? ಕೂತ್ಕೋ" ಎಂದರು. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಟೀ ಕೊಟ್ಟರು.

ಕಾಗದ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಒಂದು ಸಾಲನ್ನು ಅಷ್ಟು ಹೊತ್ತು ಓದಬಹುದು ಎಂದು ನನಗೆ ಗೊತ್ತಿರಲಿಲ್ಲ.

"ನಿಜಾನೇ ಬರೆದಿದ್ದೀಯ. ಓವನ್ ಕೆಟ್ಟಿತ್ತು. ಆ ಗುಡ್ಡ ಯಾಕೆ ಬಂತು ಅಂತ ಯೋಚನೆ ಮಾಡಿದ್ಯಾ?"

ಟೀ ಲೋಟ ಕೆಳಗಿಟ್ಟೆ.

"ಕಿಟಕಿ ಮೇಲೆ ನನ್ನ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಇದೆ ನೋಡು. ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ನೀರು. ಕಾಲಮಿನ ಎಳೆಗಳೂ ಅದೇ ಜಾತಿ ತಾನೇ? ಪೂರ್ತಿ ಗಟ್ಟಿಯಾಗಲ್ಲ, ಆದರೆ ಚಳೀಲಿ ಸೆಟೆದುಕೊಂಡು ಸಾಲಾಗಿ ನಿಂತ್ಕೋತವೆ. ಬಿಸಿಯಾದ್ರೆ ಒಂದರ ಮೇಲೊಂದು ವಾಲಿಕೊಂಡು ಗಲಿಬಿಲಿ. ನಮ್ಮ ಮದ್ದಿಗೊಂದು ಅವಳಿ ಇದೆ. ಅದೇ ಪರಮಾಣು, ಅದೇ ತೂಕ. ಮದ್ದು ಹಲಗೆ ಹಾಗೆ ಚಪ್ಪಟೆ, ಅವಳಿಯದು ಮಡಚಿದ ಮೊಣಕೈ ಹಾಗೆ ಸೊಟ್ಟ. ಎಳೆ ಸಾಲಾಗಿ ನಿಂತಿದ್ರೆ ಚಪ್ಪಟೆಯದು ಸಂದಿಯೊಳಗೆ ನುಗ್ಗಿ ಕೂರುತ್ತೆ. ಸೊಟ್ಟದ್ದಕ್ಕೆ ಜಾಗ ಸಿಗಲ್ಲ, ಬೇಗ ಹೊರಬೀಳುತ್ತೆ. ಎರಡು ಗುಡ್ಡ. ಎಳೆ ಮೆತ್ತಗಾದ್ರೆ ಇಬ್ಬರಿಗೂ ಒಂದೇ ದಾರಿ, ಒಟ್ಟಿಗೇ ಬರ್ತಾರೆ. ಒಂದೇ ಗುಡ್ಡ."

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಓವನ್ ಇಲ್ಲದ ಕಾಲದವಳಲ್ವಾ ನಾನು. ಬೇಸಿಗೇಲಿ ಒಂದು ಗುಡ್ಡ, ಚಳಿಗಾಲದಲ್ಲಿ ಎರಡು. ನನಗೆ ಕಲಿಸಿದ ಮೇಷ್ಟ್ರು ಕಾಲಮ್ಮಿಗೆ ಒದ್ದೆ ಬಟ್ಟೆ ಸುತ್ತಿ ಪರೀಕ್ಷೆ ಮಾಡ್ತಿದ್ರು. ನಿನ್ನ ಹೊಸ ವಿಧಾನ ಬಂದಾಗ ಹೇಳೋಣ ಅಂದ್ಕೊಂಡೆ. ಆ ಹೊತ್ತಿಗೆ ಮದ್ದಿನ ಪುಡಿ ಕೊಡ್ತಿದ್ದವರು ಒಳ್ಳೆಯವರು, ಅವಳಿ ಇರ್ತಾನೇ ಇರಲಿಲ್ಲ. ಸುಮ್ಮನಾದೆ. ಅದು ನನ್ನ ತಪ್ಪು."

ಪುಡಿ ಕೊಡುವವರನ್ನು ಅಕ್ಟೋಬರಿನಲ್ಲಿ ಬದಲಾಯಿಸಿದೆವು. ಆಮೇಲೆ ಎಷ್ಟು ಬ್ಯಾಚ್ ಎಂದು ಮನಸ್ಸಿನಲ್ಲೇ ಎಣಿಸಿದೆ. ಬಾಯಿಂದ ಬಂದೇಬಿಟ್ಟಿತು. "ಹನ್ನೊಂದು ಅಕ್ಕ. ಹನ್ನೊಂದು ಬ್ಯಾಚ್ ಹೊರಗೆ ಹೋಗಿದೆ. ಎಲ್ಲಾ ಒಂದನೇ, ಎರಡನೇ ಕೋಣೆಯಲ್ಲೇ ಪರೀಕ್ಷೆ ಆದವು, ಎಲ್ಲಾ ನನ್ನ ಸಹಿ."

ಆ ಅವಳಿ ಮೈಯಲ್ಲಿ ಸೇರುತ್ತಾ ಹೋದರೆ ಯಕೃತ್ತು ಕೆಡುತ್ತದೆ. ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಪೆನ್ನು ತೆಗೆದು ಸಹಿ ಹಾಕಿಬಿಟ್ಟರು.

"ಅಕ್ಕ!"

"ಜಗಳ ಆಡೋ ಶಕ್ತಿ ನನಗಿಲ್ಲ ಕಣೇ. ಕಾಗದದಲ್ಲಿ ಸುಳ್ಳೂ ಇಲ್ಲ. ಇನ್ನು ನೀನುಂಟು, ನಿನ್ನ ಹನ್ನೊಂದು ಬ್ಯಾಚ್ ಉಂಟು."

ಇಳಿಯುವಾಗ ಮೆಟ್ಟಿಲು ಕಾಣದಷ್ಟು ಕಣ್ಣು ತುಂಬಿತ್ತು. ಸಿಟ್ಟಿಗೋ ಏನಕ್ಕೋ.

ಫೆಬ್ರವರಿ 14, ಶುಕ್ರವಾರ

ಸಹಿ ಹಾಕಿದ ಕಾಗದ ಕೈಚೀಲದಲ್ಲಿದೆ. ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಉಕ್ಕಿನ ಹಲ್ಲಿನ ಬಾಚಣಿಗೆ ತಂದೆ.

ಫೆಬ್ರವರಿ 16, ಭಾನುವಾರ

ಮಗಳ ತಲೆ ಬಾಚಿದೆ. ಒಂದೊಂದೇ ಎಳೆ ಬಿಡಿಸಿ, ಬಿಳಿ ಬಟ್ಟೆ ಹಾಸಿಕೊಂಡು. ಮೂವತ್ತೊಂದು ಬಿದ್ದವು. ಅವಳು ಪೂರ್ತಿ ಕಥೆ ಪುಸ್ತಕ ಒಂದನ್ನು ಓದಿ ಮುಗಿಸಿದಳು. "ಅಮ್ಮ, ಇವತ್ತು ನೀನು ಬೇಗ ಬೇಗ ಅನ್ನಲೇ ಇಲ್ಲ" ಎಂದಳು. ಅನ್ನದೆ ಏನು, ಅಂದಿರುತ್ತೇನೆ. ಕೈ ಕೆಲಸದಲ್ಲಿತ್ತು, ನೆನಪಿಲ್ಲ.

ಫೆಬ್ರವರಿ 17, ಸೋಮವಾರ

ಸುಮ್ಮನೆ ನೋಡಿಬಿಡೋಣ ಎಂದು ಮಾಡಿದ್ದು. ಯಾರಿಗೂ ಹೇಳಲಿಲ್ಲ. ಮೂರನೇ ಕೋಣೆಯಲ್ಲಿ ಕಾಲಮನ್ನು ಓವನ್ನಿನಿಂದ ಹೊರಗೆಳೆದು, ನೀರು ಮಂಜುಗಡ್ಡೆ ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ, ಥರ್ಮಾಮೀಟರ್ ನಿಲ್ಲಿಸಿದೆ. ನಲವತ್ತೇಳನೇ ಬ್ಯಾಚು. ಮೊದಲು ಹತ್ತು ಡಿಗ್ರಿ. ಕೋಣೆಯಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ಕುರ್ಚಿಯ ಮೇಲೆ ಅಕ್ಕನ ಸ್ವೆಟರ್ ಇತ್ತು, ಹಾಕಿಕೊಂಡೆ.

ಹತ್ತರಲ್ಲಿ ಎರಡು ಗುಡ್ಡ, ನಡುವೆ ನೆಲ ಮುಟ್ಟುವ ಕಣಿವೆ. ಕುರುಡರೂ ಬೆರಳಿಟ್ಟು ತೋರಿಸಬಹುದಿತ್ತು. ಇಪ್ಪತ್ತರಲ್ಲಿ ಕಣಿವೆ ಅರ್ಧ ತುಂಬಿತು. ಮೂವತ್ತರಲ್ಲಿ ಪುಟ್ಟದು ದೊಡ್ಡದರ ಭುಜವಾಯಿತು. ನಲವತ್ತರಲ್ಲಿ, ಬಿಸಿನೀರು ಸುರಿದು ನಲವತ್ತು ಮಾಡಿದಾಗ, ನನ್ನ ಚೂಪಾದ, ಚೆಂದದ ಒಂದೇ ಗುಡ್ಡ. ಎರಡು ವರ್ಷದಿಂದ ನಾನು ಗೋಡೆಗೆ ಅಂಟಿಸಿಕೊಂಡಿರುವುದು ಇದೇ ಗ್ರಾಫು.

ಹೋಗಿ ಮುಖ ತೊಳೆದುಕೊಂಡು ಬಂದೆ. ನಾಳೆ ಹಳೆಯ ಹನ್ನೊಂದು ಬ್ಯಾಚಿನ ಉಳಿಸಿಟ್ಟ ಗುಳಿಗೆಗಳನ್ನು ಹಾಕಬೇಕು. ಎರಡೆರಡು ಪರೀಕ್ಷೆ ಒಟ್ಟಿಗೇ ಓಡಿಸಿ ಹೊತ್ತು ಉಳಿಸಬಹುದು. ಬೇಡ, ಒಂದೊಂದಾಗಿ.

ಫೆಬ್ರವರಿ 18, ಮಂಗಳವಾರ

ಹನ್ನೊಂದರಲ್ಲಿ ಒಂಬತ್ತು.

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ಬಸ್ಸಿನಲ್ಲಿ ಕೂಡ ತೀರ್ಮಾನ ಆಗಿರಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆಯುತ್ತೇನೆ. ಚೀಲದಲ್ಲಿ ಎರಡೂ ಕಾಗದ ಇದ್ದವು. ಒಂದು, ಅಕ್ಕನ ಸಹಿಯ ಒಂದು ಸಾಲು. ಇನ್ನೊಂದು, ನಾಲ್ಕು ಪುಟ, ಹದಿನೈದು ಗ್ರಾಫು. ಮೊದಲನೆಯದನ್ನು ಕೊಟ್ಟರೆ ಮಧ್ಯಾಹ್ನದ ಊಟಕ್ಕೆ ಎಲ್ಲಾ ಮುಗಿಯುತ್ತಿತ್ತು.

ಸಭೆಯಲ್ಲಿ ದೊಡ್ಡವರು ಕೈ ಚಾಚಿದರು. ನಾನು ಎರಡನ್ನೂ ಕೊಟ್ಟೆ. ಯಾಕೆ ಕೊಟ್ಟೆ ಎಂದರೆ, ಕೈಗೆ ಎರಡೂ ಬಂದವು.

ಅವರು ಗ್ರಾಫುಗಳನ್ನು ತಿರುವಿದರು. ರಸಾಯನ ಗೊತ್ತಿಲ್ಲದಿದ್ದರೂ ಒಂದು ಗುಡ್ಡ, ಎರಡು ಗುಡ್ಡ ಎಣಿಸಲು ಅವರಿಗೆ ಬರುತ್ತದೆ.

"ಈ ನಲವತ್ತು ಡಿಗ್ರಿ ವಿಧಾನ ಬರೆದವರು?"

"ನಾನು ಸಾರ್."

"ಓವನ್ ಚೀಟಿಗೆ ತುರ್ತಿಲ್ಲ ಅಂತ ಬರೆದವರು?"

"ಅದೂ ನಾನೇ."

"ಈ ಹನ್ನೊಂದಕ್ಕೆ ಸಹಿ?"

"ನಂದೇ. ಒಂಬತ್ತನ್ನ ಅಂಗಡಿಗಳಿಂದ ವಾಪಸು ತರಿಸಬೇಕು ಸಾರ್, ಇವತ್ತೇ. ಅಕ್ಕ ಕಂಡದ್ದು ನಿಜ. ಅವರ ಓವನ್ ಕೆಟ್ಟಿದ್ದಕ್ಕೇ ಕಂಡಿತು. ನಮ್ಮ ಓವನ್ ಸರಿ ಇದ್ದದ್ದಕ್ಕೇ ನಮಗೆ ಕಾಣಲಿಲ್ಲ."

ಅವರು ಗ್ರಾಫುಗಳನ್ನು ಜೋಡಿಸಿ ಮೇಜಿನ ಮೇಲಿಟ್ಟರು. "ಮೊದಲನೇ ಕಾಗದ ಸಾಕಿತ್ತಲ್ಲ ಮೇಡಂ."

"ಸಾಕಿತ್ತು ಸಾರ್" ಎಂದೆ. ಭಯವಾಗಿತ್ತು, ಈಗಲೂ ಆಗುತ್ತಿದೆ.

ಫೆಬ್ರವರಿ 24, ಸೋಮವಾರ

ವಾಪಸು ಬಂದ ಪೆಟ್ಟಿಗೆಗಳು ಗೋದಾಮಿನ ಅರ್ಧ ತುಂಬಿವೆ. ಎಷ್ಟು ಜನ ಎಷ್ಟು ನುಂಗಿದ್ದಾರೋ, ಅದು ವಾಪಸು ಬರುವುದಿಲ್ಲ. ವೈದ್ಯರಿಗೆಲ್ಲ ಪತ್ರ ಹೋಗಿದೆ. ಕಾರಿಡಾರಿನಲ್ಲಿ ನಾನು ಬಂದರೆ ಮಾತು ನಿಲ್ಲುತ್ತದೆ. ನನ್ನನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿದ ಆದೇಶ ಕೈಗೆ ಬಂತು. ಮಾಡಿದ್ದುಣ್ಣೋ ಮಹಾರಾಯ.

ಅತ್ತೆಗೆ ಹೇಳಿದೆ. "ಸರಿ ಬಿಡು, ಊಟ ಮಾಡು" ಎಂದರು. ಎರಡು ಸಲ ಬಡಿಸಿಕೊಂಡೆ.

ಮಾರ್ಚ್ 3, ಸೋಮವಾರ

ಅಕ್ಕ ವಾಪಸು ಬಂದರು. ನನ್ನ ಕುರ್ಚಿ ಈಗ ಅವರದು, ನಿವೃತ್ತಿಯವರೆಗೆ. ಕೂತವರೇ ವಿಧಾನದ ಹಾಳೆ ತರಿಸಿ, ನಲವತ್ತು ಹೊಡೆದು ಹತ್ತು ಎಂದು ಬರೆದರು, ಪಕ್ಕದಲ್ಲಿ ಮುಕ್ಕಾಲು ಗಂಟೆ ಎಂದು. ಮೂರೂ ಕೋಣೆಗೆ ತಂಪು ಮಾಡುವ ಪೆಟ್ಟಿಗೆ ಬರುವವರೆಗೆ ಎಲ್ಲಾ ಪರೀಕ್ಷೆ ಮಂಜುಗಡ್ಡೆ ತೊಟ್ಟಿಯಲ್ಲಿ, ಮೂರನೇ ಕೋಣೆಯಲ್ಲಿ. "ಅಲ್ಲಿ ಮಂಜುಗಡ್ಡೆ ಬೇಗ ಕರಗಲ್ಲ. ಯಾರು ಕೂರ್ತೀರಿ?" ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ನಾನು ಕೈ ಎತ್ತಿದೆ. ಬೇರೆ ಯಾರಾದರೂ ಗಡಿಬಿಡಿ ಮಾಡಿ ಕೆಡಿಸುತ್ತಾರೆ.

ಸ್ವೆಟರ್ ಒಗೆದು ತಂದಿದ್ದೆ, ಕೊಡಲು ಹೋದೆ. "ನನಗಿನ್ನು ಯಾಕೆ, ಇಲ್ಲಿ ಬೆಚ್ಚಗಿದೆ. ನೀನೇ ಇಟ್ಕೋ" ಎಂದರು. ಕ್ಷಮಿಸಿ ಅಕ್ಕ ಎನ್ನಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಅವರ ಮುಖ ನೋಡಿ ಅಳು ಬಂತು, ಮಾತು ಬರಲಿಲ್ಲ. "ಹೋಗು, ಮಂಜುಗಡ್ಡೆ ಕರಗುತ್ತೆ" ಎಂದರು.

ಮಧ್ಯಾಹ್ನ ಏಸಿ ದುರಸ್ತಿಯವರು ಬಂದರು. ಅಕ್ಕನ ಜನವರಿಯ ಚೀಟಿ ಈಗ ಅವರ ಕೈ ಸೇರಿದೆ. ಈಗ ಬೇಡ, ಹದಿನಾರೇ ಇರಲಿ ಎಂದು ಕಳಿಸಿದೆ. ನಲವತ್ತೆಂಟನೇ ಬ್ಯಾಚು ಓಡುತ್ತಿತ್ತು. ಮೊದಲ ಗುಡ್ಡ ಏಳುವ ಹೊತ್ತು, ಕಣ್ಣು ಕೀಳುವಂತಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ "ಸ್ವೆಟರಕ್ಕಾ, ಇನ್ನೂ ಎಷ್ಟು ಹೊತ್ತು?" ಎಂದು ಕೂಗಿದರು.

ಅಕ್ಕ ಬಂದಿದ್ದಾರೇನೋ ಎಂದು ಹಿಂತಿರುಗಿ ನೋಡಿದೆ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.